43 ಎಂದು ಬರೆದ ಮಕ್ಕಳು ಮತ್ತು ನನ್ನ ಅಂಕಪಟ್ಟಿ

ಒಂದು ತರಗತಿಯಲ್ಲಿ 40 ಮಕ್ಕಳಿದ್ದಾರೆ ಅಂತಿಟ್ಟುಕೊಳ್ಳಿ. ಆರು ವಿಷಯ. ವರ್ಷಕ್ಕೆ ನಾಲ್ಕು ಎಫ್.ಎ. (ಪಾಠಗಳ ನಡುವಿನ ಕಿರು ಮೌಲ್ಯಮಾಪನ), ಎರಡು ಎಸ್.ಎ. (ಅವಧಿಯ ಕೊನೆಯ ದೊಡ್ಡ ಪರೀಕ್ಷೆ). ಗುಣಿಸಿದರೆ 1,440 ಅಂಕಗಳು. ಒಂದೊಂದು ಅಂಕವನ್ನೂ ನಾಲ್ಕು ಕಡೆ ಬರೆಯಬೇಕು. ವಿಷಯ ಶಿಕ್ಷಕರ ಪುಸ್ತಕದಲ್ಲಿ ಒಮ್ಮೆ, ತರಗತಿಯ ದೊಡ್ಡ ಅಂಕಪಟ್ಟಿಯಲ್ಲಿ ಒಮ್ಮೆ, ಮಗುವಿನ ಪ್ರೋಗ್ರೆಸ್ ಕಾರ್ಡಿನಲ್ಲಿ ಒಮ್ಮೆ, ಕೊನೆಗೆ ಶಿಕ್ಷಣ ಇಲಾಖೆಯ ಸ್ಯಾಟ್ಸ್ ತಂತ್ರಾಂಶದಲ್ಲಿ ಒಮ್ಮೆ. ಒಟ್ಟು 5,760 ಸಲ. ಇದು ಒಂದೇ ತರಗತಿಯ ಲೆಕ್ಕ. ಇದರಲ್ಲಿ ಪಾಠ ಎಲ್ಲಿದೆ ಅಂತ ಕೇಳಿದರೆ, ಎಲ್ಲೂ ಇಲ್ಲ.

ನಾನು ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಈಗ ಹುಬ್ಬಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. "ಮೇಷ್ಟ್ರ ಕೆಲಸ ಬಿಟ್ಟು ಕೋಡಿಂಗ್ ಹೇಗೆ ಕಲಿತಿರಿ?" ಎಂದು ತುಂಬ ಜನ ಕೇಳುತ್ತಾರೆ. ಬಿಟ್ಟ ಮೇಲೆ ಕಲಿತದ್ದಲ್ಲ. ಈ 5,760 ಬರವಣಿಗೆ ತಪ್ಪಿಸಿಕೊಳ್ಳಲು ಶಾಲೆಯಲ್ಲೇ ಕಲಿತದ್ದು.

ಶುರುವಾಗಿದ್ದು ಎಕ್ಸೆಲ್‌ನಿಂದ. ಎಂಟನೇ ತರಗತಿವರೆಗೆ ಎಫ್.ಎ. ತಲಾ 15ಕ್ಕೆ, ಎಸ್.ಎ. ತಲಾ 20ಕ್ಕೆ ಇಳಿಸಿ ಒಟ್ಟು 100 ಮಾಡಬೇಕಿತ್ತು. ಹತ್ತನೇ ತರಗತಿಗೆ ಬಂದರೆ ಲೆಕ್ಕವೇ ಬೇರೆ. ಲಿಖಿತ ಪರೀಕ್ಷೆಗೆ 80, ಆಂತರಿಕ 20. ಪ್ರಥಮ ಭಾಷೆಗೆ ಮಾತ್ರ 100 ಮತ್ತು 25. ಎಲ್ಲ ಸೇರಿ 625. ಈ ಇಳಿಸುವ ಕೆಲಸವನ್ನು ನಮ್ಮಲ್ಲಿ ಹಲವರು ಕ್ಯಾಲ್ಕುಲೇಟರ್ ಹಿಡಿದು ಮಾಡುತ್ತಿದ್ದರು. ಸೂತ್ರ ಹಾಕಿದರೆ ಕ್ಷಣದ ಕೆಲಸ.

ಆದರೆ ಸೂತ್ರ ಹಾಕುವುದು ಕಷ್ಟದ ಭಾಗವೇ ಅಲ್ಲ. ನಿಯಮ ಏನು ಅಂತ ಗೊತ್ತುಮಾಡಿಕೊಳ್ಳುವುದೇ ಕಷ್ಟ. ಪರೀಕ್ಷೆಗೆ ಬರದ ಮಗುವಿಗೆ ಸೊನ್ನೆ ಹಾಕಬೇಕೋ, ಖಾಲಿ ಬಿಡಬೇಕೋ? ಎಕ್ಸೆಲ್ ಸರಾಸರಿ ತೆಗೆಯುವಾಗ ಖಾಲಿ ಮನೆಯನ್ನು (ಸೆಲ್ ಅನ್ನು) ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸೊನ್ನೆಯನ್ನು ತೆಗೆದುಕೊಳ್ಳುತ್ತದೆ. ಅಂದರೆ ಗೈರಾದ ಮಗುವಿನ ಸರಾಸರಿ, ಬಂದು ಸೊನ್ನೆ ತೆಗೆದ ಮಗುವಿನದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ. ಸ್ಟಾಫ್ ರೂಮಿನಲ್ಲಿ ಕೇಳಿದಾಗ ಒಬ್ಬೊಬ್ಬರು ಒಂದೊಂದು ಥರ ಮಾಡುತ್ತಿದ್ದರು. ಎಲ್ಲರೂ ತಾವು ಮಾಡುವುದೇ ನಿಯಮ ಅಂದುಕೊಂಡಿದ್ದರು. ಅರ್ಧ ಅಂಕದ ಕಥೆಯೂ ಅಷ್ಟೇ. 50ಕ್ಕೆ 35 ಬಂದರೆ 15ಕ್ಕೆ 10.5 ಆಗುತ್ತದೆ. ಮೇಷ್ಟ್ರು 11 ಹಾಕುತ್ತಾರೆ, ಎಕ್ಸೆಲ್ ಕೂಡ 11 ಅನ್ನುತ್ತದೆ. ಮುಂದೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತು ಅದೇ ಲೆಕ್ಕ ಕೊಟ್ಟರೆ ಅದು 10 ಅಂದಿತು! ಆದರೆ 45 ಅಂಕ ಕೊಟ್ಟರೆ, ಅಂದರೆ 13.5, ಅದು 14 ಅನ್ನುತ್ತದೆ. ಪೈಥಾನ್ ಸರಿಯಾಗಿ ಅರ್ಧಕ್ಕೆ ಬಂದ ಸಂಖ್ಯೆಯನ್ನು ಹತ್ತಿರದ ಸಮಸಂಖ್ಯೆಗೆ ಒಯ್ಯುತ್ತದೆ. ಸಾವಿರಾರು ಸಂಖ್ಯೆ ಕೂಡಿಸುವವರಿಗೆ ಅದು ನ್ಯಾಯವಾದ ಪದ್ಧತಿಯೇ. ಒಂದು ಅಂಕ ಕಡಿಮೆಯಾದ ಮಗುವಿನ ಅಪ್ಪನಿಗೆ ಅದನ್ನು ವಿವರಿಸಿ ನೋಡೋಣ. ಮೇಲಕ್ಕೇ ಒಯ್ಯುವ ಸಣ್ಣ ಫಂಕ್ಷನ್ ನಾನೇ ಬರೆದುಕೊಂಡೆ.

ನಮ್ಮ ಹೆಡ್ ಮಾಸ್ಟರು ಮೊದಲ ಪ್ರಿಂಟ್ ತೆಗೆದುಕೊಂಡು ಕ್ಯಾಲ್ಕುಲೇಟರ್ ಹಿಡಿದು ಕೂತರು. "ಸಾರ್, ಕಂಪ್ಯೂಟರ್ ಕೂಡಿಸಿದ್ದನ್ನ ಮತ್ತೆ ಕೂಡಿಸ್ತಾ ಇದ್ದೀರಲ್ಲ" ಅಂದೆ. "ನೋಡ್ರೀ, ಕೆಳಗೆ ಸಹಿ ಹಾಕೋನು ನಾನು. ಕಂಪ್ಯೂಟರ್ ಅಲ್ಲ" ಅಂದರು. ನೂರಕ್ಕೆ ನೂರು ಸರಿಯಾದ ಮಾತು. ಆಮೇಲೆ ಇಳಿಸಿದ ಅಂಕದ ಪಕ್ಕದಲ್ಲೇ ಮೂಲ ಅಂಕವೂ ಪ್ರಿಂಟ್ ಆಗುವ ಹಾಗೆ ಮಾಡಿದೆ. ಯಾವ ಸಾಲನ್ನು ಬೇಕಾದರೂ ಕೈಯಲ್ಲೇ ತಾಳೆ ನೋಡಬಹುದು. ಅವರು ಅಲ್ಲೊಂದು ಇಲ್ಲೊಂದು ಸಾಲು ನೋಡಿ ಸಹಿ ಹಾಕತೊಡಗಿದರು. ಈಗ ಕಂಪನಿಯಲ್ಲಿ ಏನೇ ತಯಾರಿಸಿದರೂ ಸಹಿ ಹಾಕುವವರು ಯಾರು, ಅವರು ಏನನ್ನು ತಾಳೆ ನೋಡುತ್ತಾರೆ ಎಂದು ಮೊದಲು ಕೇಳುತ್ತೇನೆ.

ಎರಡನೇ ತೊಡಕು ಕನ್ನಡದ್ದೇ. ಶಾಲೆಯ ಹಳೆಯ ಪಟ್ಟಿಗಳೆಲ್ಲ ನುಡಿ ತಂತ್ರಾಂಶದಲ್ಲಿ ಟೈಪ್ ಆಗಿದ್ದವು, ಯೂನಿಕೋಡ್‌ಗೆ ಮುಂಚಿನ ಫಾಂಟಿನಲ್ಲಿ. (ಯೂನಿಕೋಡ್ ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಕಂಪ್ಯೂಟರಿನೊಳಗೆ ಒಂದೊಂದು ನಿಗದಿತ ಸಂಖ್ಯೆ ಕೊಡುವ ಪದ್ಧತಿ.) ಪರದೆಯ ಮೇಲೆ ಕನ್ನಡ ಕಾಣುತ್ತದೆ, ಒಳಗಿರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಕಲಸುಮೇಲೋಗರ. ಫಾಂಟ್ ಬದಲಿಸಿದರೆ ಓದಲಾಗುವುದಿಲ್ಲ. ಅಕಾರಾದಿ ಜೋಡಿಸಿದರೆ ಅನಿತಾ ಎಲ್ಲೋ, ಆಶಾ ಎಲ್ಲೋ. ಹುಡುಕಿದರೆ ಸಿಗುವುದಿಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ, ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು. ಆದರೆ ಕಚೇರಿಗಳಿಗೆ, ಶಾಲೆಗಳಿಗೆ ಅದು ತಲುಪುವ ಹೊತ್ತಿಗೆ ಒಂದು ತಲೆಮಾರಿನ ದಾಖಲೆಗಳು ಹಳೆಯ ಫಾಂಟಿನಲ್ಲಿ ಕೂತುಬಿಟ್ಟಿದ್ದವು.

ಪರಿವರ್ತಿಸುವ ಸಾಧನಗಳು ಸಿಗುತ್ತವೆ. ಆದರೂ ಅದರ ಒಳಗಿನ ಕೆಲಸ ಅರ್ಥವಾಗಲಿ ಎಂದು ನಾನೇ ಒಂದು ಸಣ್ಣದನ್ನು ಬರೆದೆ. ನಾನು ಬರೆದ ಮೊದಲ ನಿಜವಾದ ಪ್ರೋಗ್ರಾಂ ಅದೇ. ಒಂದು ಚಿಹ್ನೆಗೆ ಇನ್ನೊಂದನ್ನು ಹಾಕುತ್ತಾ ಹೋದರೆ ಮುಕ್ಕಾಲು ಪಾಲು ಮುಗಿಯುತ್ತದೆ. ಉಳಿದ ಕಾಲು ಪಾಲು ಅರ್ಕಾವೊತ್ತಿನದ್ದು. ಕೀರ್ತಿ, ಅರ್ಚನಾ, ದರ್ಶನ್ ಎಂಬ ಹೆಸರು ನೋಡಿ. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲೇ ಟೈಪ್ ಆಗಿರುತ್ತದೆ. ಮೊದಲು ಕೀ, ಆಮೇಲೆ ತಿ, ಕೊನೆಗೆ ಅರ್ಕಾವೊತ್ತು. ಯೂನಿಕೋಡ್ ಉಚ್ಚಾರಣೆಯ ಕ್ರಮ ಕೇಳುತ್ತದೆ. ಅಲ್ಲಿ ರ್ ಮೊದಲು, ತಿ ಆಮೇಲೆ. ಹಾಗಾಗಿ ಅರ್ಕಾವೊತ್ತು ಕಂಡಾಗಲೆಲ್ಲ ಅದನ್ನು ಎತ್ತಿ, ಒತ್ತು ಗುಣಿತ ಎಲ್ಲ ದಾಟಿಸಿ, ಆ ಇಡೀ ಅಕ್ಷರದ ಹಿಂದಕ್ಕೆ ತಂದು ಕೂರಿಸಬೇಕು. ಎಲ್ಲಿಂದ ಒಂದು ಅಕ್ಷರ ಶುರುವಾಗುತ್ತದೆ ಅನ್ನುವುದು ಒಂದನೇ ಕ್ಲಾಸಿನ ಮಗುವಿಗೆ ಗೊತ್ತು, ಕಂಪ್ಯೂಟರಿಗೆ ಹೇಳಿಕೊಡಬೇಕು. 'ಕನ್ನಡ' ಅನ್ನುವುದರಲ್ಲಿ ಎಷ್ಟು ಅಕ್ಷರ ಎಂದು ಪೈಥಾನ್‌ಗೆ ಕೇಳಿದರೆ 5 ಅನ್ನುತ್ತದೆ. ಅದಕ್ಕೆ ಕ, ನ, ಅರ್ಧಾಕ್ಷರ ಮಾಡುವ ಚಿಹ್ನೆ (್), ಇನ್ನೊಂದು ನ, ಡ ಎಲ್ಲ ಬೇರೆ ಬೇರೆ.

ಯೂನಿಕೋಡ್‌ಗೆ ಬಂದ ಮೇಲೂ ಕಾಟ ತಪ್ಪಲಿಲ್ಲ. ಒಂದೇ ಥರ ಕಾಣುವ ಎರಡು ಹೆಸರು ಒಂದೇ ಅಲ್ಲ ಅನ್ನುತ್ತಿತ್ತು ಶೀಟು. ದೀರ್ಘ ಗುಣಿತವನ್ನು ಎರಡು ರೀತಿ ಬರೆಯಬಹುದು. ಒಂದೇ ಚಿಹ್ನೆಯಾಗಿ, ಇಲ್ಲವೇ ಗುಡಿಸು ಮತ್ತು ದೀರ್ಘ ಎಂದು ಎರಡು ತುಂಡಾಗಿ. ಕಣ್ಣಿಗೆ ವ್ಯತ್ಯಾಸವೇ ಇಲ್ಲ. ಜೊತೆಗೆ ಕಣ್ಣಿಗೇ ಕಾಣದ ಜೋಡಕ ಚಿಹ್ನೆಗಳು ಬೇರೆ. ಹೋಲಿಸುವ ಮೊದಲು ಎಲ್ಲ ಹೆಸರನ್ನೂ ಒಂದೇ ರೂಪಕ್ಕೆ ತರುವ ಸಾಲೊಂದನ್ನು ಸೇರಿಸಿದ ಮೇಲೆ ಜಗಳ ನಿಂತಿತು. ಲಕ್ಷ್ಮಿ, ಲಕ್ಷ್ಮೀ ಜಗಳ ಮಾತ್ರ ನಿಲ್ಲಲಿಲ್ಲ. ಅದು ಕಂಪ್ಯೂಟರಿನದ್ದಲ್ಲ. ಅಡ್ಮಿಶನ್ ರಿಜಿಸ್ಟರ್ ತೆರೆದು, ಬೇಕಾದರೆ ಮನೆಯವರನ್ನೂ ಕೇಳಿಯೇ ತೀರ್ಮಾನ ಮಾಡಬೇಕು.

ವಿದ್ಯಾರ್ಥಿವೇತನದ ಪಟ್ಟಿಗೆ ಮಾಡಿದ ಸಣ್ಣ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಬಗ್ಗೆಯೂ ಹೇಳಬೇಕು. ಅದರಿಂದ ಆದಷ್ಟು ನೇರ ಉಪಯೋಗ ಬೇರೆ ಯಾವುದರಿಂದಲೂ ಆಗಲಿಲ್ಲ. ಬ್ಯಾಂಕಿನ ಐ.ಎಫ್.ಎಸ್.ಸಿ. ಕೋಡಿಗೆ 11 ಸ್ಥಾನ. ಮೊದಲ ನಾಲ್ಕು ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ, ಕೊನೆಯ ಆರು ಶಾಖೆಯದ್ದು. ಆ ಐದನೆಯ ಜಾಗದಲ್ಲಿ ತುಂಬ ಜನ ಇಂಗ್ಲಿಷಿನ 'ಓ' ಬರೆಯುತ್ತಾರೆ. ದುಡ್ಡು ಬರುವುದಿಲ್ಲ. ಯಾಕೆ ಬರಲಿಲ್ಲ ಅಂತ ಯಾರೂ ಹೇಳುವುದೂ ಇಲ್ಲ. ಎಕ್ಸೆಲ್ ಬೇರೆ 15 ಅಂಕಿಗಿಂತ ಉದ್ದದ ಖಾತೆ ಸಂಖ್ಯೆಯನ್ನು ಸಂಖ್ಯೆಯಾಗಿ ತುಂಬಿದರೆ ಕೊನೆಯ ಅಂಕಿಗಳನ್ನು ಸುಮ್ನೆ ಸೊನ್ನೆ ಮಾಡಿಬಿಡುತ್ತದೆ. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 2021ರ ಜುಲೈನಿಂದ ಅದರ ಹಳೆಯ ಕೋಡ್‌ಗಳು ನಿಂತವು. ನಮ್ಮ ಕಡೆ ಸಿಂಡಿಕೇಟ್ ಖಾತೆ ಇಲ್ಲದ ಮನೆ ಹುಡುಕಬೇಕು. ಈ ಮೂರನ್ನೂ ಹಿಡಿದು ಆ ಸಾಲಿಗೆ ಹಳದಿ ಬಣ್ಣ ಬಳಿಯುವ ಸ್ಕ್ರಿಪ್ಟ್ ಬರೆದೆ. ಅದು ಏನನ್ನೂ ತಿದ್ದುತ್ತಿರಲಿಲ್ಲ, ಬರೀ ತೋರಿಸುತ್ತಿತ್ತು. ತಿದ್ದಬೇಕಾದದ್ದು ಪಾಸ್‌ಬುಕ್ ನೋಡಿಯೇ.

ಈ ಹೊತ್ತಿಗೆ ನಾನು ಗೂಗಲ್ ಶೀಟ್ಸ್‌ಗೆ, ಅದರೊಳಗೇ ಪ್ರೋಗ್ರಾಂ ಬರೆಯಲು ಇರುವ ಆ್ಯಪ್ಸ್ ಸ್ಕ್ರಿಪ್ಟ್‌ಗೆ ಬಂದಿದ್ದೆ. ಕಲಿಯುವವರಿಗೆ ಒಂದು ಮಾತು ಹೇಳುತ್ತೇನೆ, ನನ್ನ ಎಷ್ಟೋ ಸಂಜೆಗಳನ್ನು ತಿಂದ ವಿಷಯ ಇದು. ಒಂದು ಸ್ಕ್ರಿಪ್ಟ್ ಆರು ನಿಮಿಷಕ್ಕಿಂತ ಜಾಸ್ತಿ ಓಡಲು ಗೂಗಲ್ ಬಿಡುವುದಿಲ್ಲ. ಒಂದೊಂದೇ ಮನೆಯನ್ನು ಓದಿ, ಲೆಕ್ಕ ಮಾಡಿ, ಒಂದೊಂದೇ ಮನೆಗೆ ಬರೆದರೆ ಆರು ನಿಮಿಷದಲ್ಲಿ ಅರ್ಧ ತರಗತಿಯೂ ಮುಗಿಯುವುದಿಲ್ಲ. ಯಾಕೆಂದರೆ ಪ್ರತಿ ಸಲವೂ ಅದು ಶೀಟಿನ ಹತ್ತಿರ ಹೋಗಿ ಕೇಳಿ ಬರುತ್ತದೆ. ಇಡೀ ಹಾಳೆಯನ್ನು ಒಂದೇ ಸಲಕ್ಕೆ ಎತ್ತಿಕೊಂಡು, ಲೆಕ್ಕವೆಲ್ಲ ಕೈಯಲ್ಲೇ ಮುಗಿಸಿ, ಒಂದೇ ಸಲಕ್ಕೆ ವಾಪಸ್ ಇಟ್ಟರೆ ಕೆಲವೇ ಸೆಕೆಂಡು. ಪ್ರೋಗ್ರೆಸ್ ಕಾರ್ಡುಗಳು ಹೀಗೆ ತಾವಾಗಿಯೇ ಪಿ.ಡಿ.ಎಫ್. ಆಗಿ ಬರತೊಡಗಿದವು.

ಕಾರ್ಡಿನಲ್ಲಿ 'ಷರಾ' ಎಂದು ಒಂದು ಕಾಲಂ ಇರುತ್ತದೆ. ಎ ಪ್ಲಸ್ ಬಂದರೆ 'ಅತ್ಯುತ್ತಮ', ಸಿ ಬಂದರೆ 'ಇನ್ನೂ ಶ್ರಮ ಬೇಕು' ಎಂದು ತಾನಾಗಿಯೇ ಬರುವಂತೆ ಮಾಡಿ ಎಂದು ಸಹೋದ್ಯೋಗಿಗಳು ಹೇಳಿದರು. ಎರಡು ನಿಮಿಷದ ಕೆಲಸ. ನಾನು ಮಾಡಿಕೊಡಲಿಲ್ಲ. ಬೇಜಾರು ಮಾಡಿಕೊಂಡರು. ಅಂಕ ಹೇಳಿದ್ದನ್ನೇ ಇನ್ನೊಂದು ಸಲ ಹೇಳುವ ಷರಾ ಯಾರಿಗೆ ಬೇಕು? ಉಳಿದಿದ್ದೆಲ್ಲ ಪ್ರಿಂಟ್ ಆಗಿ ಬರುವಾಗ ಆ ಒಂದು ಸಾಲು ಕೈಯಲ್ಲಿ ಬರೆಯಲು ಸಮಯ ಇದ್ದೇ ಇರುತ್ತದೆ ಅಂತ ನನ್ನ ವಾದ. ಕೆಲವರು ಬರೆದರು. ಕೆಲವರು ರಬ್ಬರ್ ಸ್ಟಾಂಪ್ ಮಾಡಿಸಿಕೊಂಡರು.

ಇಷ್ಟೆಲ್ಲ ಆದರೂ ನನ್ನ ಪಾಠ ಒಂದಿಷ್ಟೂ ಬದಲಾಗಿರಲಿಲ್ಲ. ಸಮಯ ಉಳಿಯಿತು, ಅಷ್ಟೇ. ಪಾಠ ಬದಲಾದದ್ದು 2021ರಲ್ಲಿ.

ಕೊರೋನಾ ಕಾರಣಕ್ಕೆ ಆ ವರ್ಷದ ಎಸ್.ಎಸ್.ಎಲ್.ಸಿ. ಪರೀಕ್ಷೆ ಜುಲೈ 19 ಮತ್ತು 22ರಂದು, ಎರಡೇ ದಿನದಲ್ಲಿ ನಡೆಯಿತು. ದಿನಕ್ಕೆ ಮೂರು ವಿಷಯ, ವಿಷಯಕ್ಕೆ 40 ಅಂಕ, ಎಲ್ಲವೂ ಬಹು ಆಯ್ಕೆ, ಉತ್ತರದ ವೃತ್ತ ತುಂಬುವ ಓ.ಎಂ.ಆರ್. ಹಾಳೆ. ಮಕ್ಕಳಿಗೆ ಅಭ್ಯಾಸವಾಗಲಿ ಎಂದು ನಾವೆಲ್ಲ ಗೂಗಲ್ ಫಾರ್ಮ್‌ನಲ್ಲಿ ಪ್ರಶ್ನೆ ಹಾಕತೊಡಗಿದೆವು. ಬಹು ಆಯ್ಕೆ ಅಂದರೆ ಗಣಿತದ ಮೇಷ್ಟ್ರಿಗೆ ಮೊದಲಿಂದಲೂ ಅಸಡ್ಡೆ. ಹಂತಗಳಿಲ್ಲ, ಊಹೆ ಮಾಡಬಹುದು, ಏನು ತಿಳಿಯುತ್ತದೆ? ಒಂದು ಸರಿ ಉತ್ತರ, ಪಕ್ಕದಲ್ಲಿ ಮೂರು ಯಾವುದೋ ಸಂಖ್ಯೆ ಹಾಕಿದರೆ ನಿಜಕ್ಕೂ ಏನೂ ತಿಳಿಯುವುದಿಲ್ಲ.

ಆದರೆ ಆ ಮೂರು ತಪ್ಪು ಉತ್ತರಗಳನ್ನು ಮಕ್ಕಳ ಹಳೆಯ ಪತ್ರಿಕೆಗಳಿಂದಲೇ ಆರಿಸಿದರೆ? ಸಮಾಂತರ ಶ್ರೇಢಿ 3, 7, 11ರ ಹತ್ತನೇ ಪದ ಎಷ್ಟು ಎಂದು ಕೇಳಿ. ಸರಿ ಉತ್ತರ 39. ಒಂದು ಕಳೆಯುವುದನ್ನು ಬಿಟ್ಟು ಹತ್ತರಿಂದಲೇ ಗುಣಿಸಿದವರಿಗೆ 43 ಬರುತ್ತದೆ. ಮೊದಲ ಪದವನ್ನೇ ಮರೆತವರಿಗೆ 36. 9 ಮತ್ತು 16ರ ಮೊತ್ತದ ವರ್ಗಮೂಲ ಕೇಳಿ. 7 ಎಂದವರು ಎರಡರ ಮೂಲವನ್ನೂ ಬೇರೆ ಬೇರೆ ತೆಗೆದು ಕೂಡಿಸಿದ್ದಾರೆ. 25 ಎಂದವರು ಮೂಲವನ್ನೇ ತೆಗೆದಿಲ್ಲ. ಎಕ್ಸ್ ವರ್ಗ ಸಮ 5 ಎಕ್ಸ್ ಎಂಬ ಸಮೀಕರಣಕ್ಕೆ '5 ಮಾತ್ರ' ಎಂದು ಗುರುತು ಹಾಕಿದವರು ಎರಡೂ ಕಡೆ ಎಕ್ಸ್‌ನಿಂದ ಭಾಗಿಸಿ ಸೊನ್ನೆಯನ್ನು ಕಳೆದುಕೊಂಡಿದ್ದಾರೆ. ಸೈನ್ 60 ಡಿಗ್ರಿ ಒಂದು ಎಂದವರು ಸೈನ್ 30ರ ಬೆಲೆಯಾದ ಅರ್ಧವನ್ನು ಎರಡರಿಂದ ಗುಣಿಸಿದ್ದಾರೆ.

ಶೀಟಿನಲ್ಲಿ ಪ್ರತಿ ತಪ್ಪು ಆಯ್ಕೆಯ ಪಕ್ಕದಲ್ಲಿ ಅದರ ಕಾರಣವನ್ನು ಬರೆದಿಟ್ಟೆ. ಫಾರ್ಮ್ ತುಂಬಿದ ಕೂಡಲೇ ಸ್ಕ್ರಿಪ್ಟ್ ಮೊತ್ತ ತೆಗೆಯುವ ಬದಲು ಕಾರಣಗಳನ್ನು ಎಣಿಸುತ್ತಿತ್ತು. ಮೊದಲ ಸಲ ನೋಡಿದಾಗ ಶ್ರೇಢಿಯ ಪ್ರಶ್ನೆಯಲ್ಲಿ ತಪ್ಪಿದವರಲ್ಲಿ ಹೆಚ್ಚಿನವರೆಲ್ಲ 43ರ ಮೇಲೇ ಕೂತಿದ್ದರು. ಸೂತ್ರ ಬಾಯಿಪಾಠ ಬರುವ ಮಕ್ಕಳೂ ಅದರಲ್ಲಿದ್ದರು. ಅವರಿಗೆ ಸೂತ್ರ ಗೊತ್ತಿತ್ತು, ಒಂದನ್ನು ಯಾಕೆ ಕಳೆಯಬೇಕು ಅಂತ ಗೊತ್ತಿರಲಿಲ್ಲ. ಮರುದಿನ ಸೂತ್ರದ ಸುದ್ದಿಯೇ ಎತ್ತಲಿಲ್ಲ. ತೋಟದ ಬೇಲಿಗೆ ಹತ್ತು ಗೂಟ ನೆಟ್ಟರೆ ನಡುವೆ ಎಷ್ಟು ಸಂದು ಎಂದು ಕೇಳಿದೆ. ಒಂಬತ್ತು. ಬೇಲಿ ಹಾಕಿ ಗೊತ್ತಿದ್ದ ಹುಡುಗನೇ ಮೊದಲು ಹೇಳಿದ್ದು. ಪದಗಳು ಗೂಟ, ವ್ಯತ್ಯಾಸ ಸಂದು. ಆಮೇಲಿನ ಪರೀಕ್ಷೆಯಲ್ಲಿ 43ರ ಥರದ ಉತ್ತರ ಬಹಳ ಕಡಿಮೆಯಾಯಿತು.

ಒಟ್ಟು ಅಂಕ ಪೋಷಕರಿಗೆ ಬೇಕು, ಇಲಾಖೆಗೆ ಬೇಕು. ಪಾಠ ಮಾಡುವವರಿಗೆ ಅದರಿಂದ ಏನೂ ಸಿಗುವುದಿಲ್ಲ. 40ಕ್ಕೆ 22 ಬಂತು ಅಂದರೆ ನಾಳೆ ಏನು ಹೇಳಿಕೊಡಬೇಕು ಅಂತ ಅದು ಹೇಳುವುದಿಲ್ಲ. ಯಾವ ತಪ್ಪು ಆಯ್ಕೆ ಅಂತ ಗೊತ್ತಾದರೆ ಹೇಳುತ್ತದೆ. ಶಾಲೆಗೆ ಬರುವ ಸಾಫ್ಟ್‌ವೇರ್‌ಗಳೆಲ್ಲ ಮೊತ್ತವನ್ನೇ ಬಣ್ಣ ಬಣ್ಣದ ಚಿತ್ರ ಮಾಡಿ ತೋರಿಸುತ್ತವೆ. ಅದರ ಬಗ್ಗೆ ನನ್ನ ಸಿಟ್ಟು ಈಗಲೂ ಇಳಿದಿಲ್ಲ.

ಶಾಲೆ ಬಿಟ್ಟದ್ದು ಸಂಬಳದ ಕಾರಣಕ್ಕೆ. ಅನುದಾನ ಇಲ್ಲದ ಹುದ್ದೆ, ಆಡಳಿತ ಮಂಡಳಿಯ ಸಂಬಳ. ಅದನ್ನು ಉದ್ದ ಮಾಡಿ ಹೇಳುವಂಥದ್ದೇನಿಲ್ಲ. ಕಂಪನಿಯಲ್ಲಿ ಮೊದಲು ಸಿಕ್ಕಿದ್ದು ಟೆಸ್ಟಿಂಗ್. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವ ಕೆಲಸ. ವರ್ಷಗಟ್ಟಲೆ ಉತ್ತರ ಪತ್ರಿಕೆ ತಿದ್ದಿದವರಿಗೆ ಇದಕ್ಕಿಂತ ಒಗ್ಗುವ ಕೆಲಸ ಯಾವುದಿದೆ? ಸೆಲೆನಿಯಂ ಎಂಬ ಸಾಧನ ಇದೆ. ಮನುಷ್ಯರ ಹಾಗೆ ವೆಬ್ ಪುಟ ತೆರೆದು, ಗುಂಡಿ ಒತ್ತಿ, ಬಂದ ಉತ್ತರ ನೋಡುತ್ತದೆ. ಪೈಥಾನ್ ಗೊತ್ತಿದ್ದದ್ದರಿಂದ ಅದನ್ನು ಬೇಗ ಹಿಡಿದುಕೊಂಡೆ. ಗಡಿಯ ಸಂಖ್ಯೆಗಳನ್ನು ಪರೀಕ್ಷಿಸಬೇಕು ಎಂದು ಅಲ್ಲಿನ ಹಿರಿಯರೊಬ್ಬರು ಹೇಳಿಕೊಟ್ಟರು. ನಾನು ಪಾಠ ಮಾಡುವಾಗ ಲಿಖಿತ ಪರೀಕ್ಷೆಯಲ್ಲಿ 80ಕ್ಕೆ 28 ಬಂದರೆ ಪಾಸು. 27 ಬಂದ ಪತ್ರಿಕೆಯನ್ನು ಮೇಷ್ಟ್ರು ಎಷ್ಟು ಸಲ ತಿರುವಿ ಹಾಕುತ್ತಾರೆ ಅಂತ ಅವರಿಗೇನು ಗೊತ್ತು!

ಒಂದು ಸಲ ರಜೆ ಲೆಕ್ಕ ಹಾಕುವ ತಂತ್ರಾಂಶ ಪರೀಕ್ಷೆಗೆ ಬಂತು. ಏಪ್ರಿಲ್ 1ರಿಂದ 30ರವರೆಗೆ ರಜೆ ಹಾಕಿದರೆ 29 ದಿನ ಎಂದು ತೋರಿಸುತ್ತಿತ್ತು. 30ರಲ್ಲಿ 1 ಕಳೆದಿದ್ದರು. ಇನ್ನೊಂದು ಪುಟದಲ್ಲಿ 12 ಕಂತಿನ ಸಾಲಕ್ಕೆ 13 ಸಾಲು ಬರುತ್ತಿದ್ದವು. ನೋಡಿದ ತಕ್ಷಣ ನಗು ಬಂತು. ನನ್ನ ಶಾಲೆಯ 43ರ ಮಕ್ಕಳು ಇಂಜಿನಿಯರಿಂಗ್ ಮುಗಿಸಿ ಇಲ್ಲಿ ಕೂತಿದ್ದರು! ಗೂಟ ಎಣಿಸಬೇಕಾದ ಕಡೆ ಸಂದು, ಸಂದು ಎಣಿಸಬೇಕಾದ ಕಡೆ ಗೂಟ. ತಪ್ಪಿನ ವರದಿಯಲ್ಲಿ ಬರೀ 'ಉತ್ತರ ತಪ್ಪು' ಎಂದು ಬರೆಯುವ ಅಭ್ಯಾಸ ನನಗಿಲ್ಲ. ಯಾವ ಯೋಚನೆಯಿಂದ ಈ ಉತ್ತರ ಬಂದಿರಬಹುದು ಎಂದು ಒಂದು ಸಾಲು ಸೇರಿಸುತ್ತೇನೆ. ಇದೇ ಥರದ ಲೆಕ್ಕ ಇರುವ ಬೇರೆ ಪುಟಗಳನ್ನೂ ಹುಡುಕುತ್ತೇನೆ. ಒಂದು ಕಡೆ ಹಾಗೆ ಯೋಚಿಸಿದವರು ಇನ್ನೊಂದು ಕಡೆಯೂ ಹಾಗೆಯೇ ಯೋಚಿಸಿರುತ್ತಾರೆ. ಹೀಗೆ ಬರೆಯುತ್ತಾ ಬರೆಯುತ್ತಾ ಕೋಡ್ ಬರೆಯುವ ತಂಡಕ್ಕೇ ನನ್ನನ್ನು ಹಾಕಿದರು.

ಈಗ ಎ.ಐ. ಬಂದಿದೆ. ನಾನೂ ಬಳಸುತ್ತೇನೆ. ಸಣ್ಣ ಸ್ಕ್ರಿಪ್ಟ್ ಬೇಕಾದರೆ ಚೆನ್ನಾಗಿಯೇ ಬರೆದುಕೊಡುತ್ತದೆ. ಗೈರಾದ ಮಗುವಿಗೆ ಏನು ಮಾಡಬೇಕು, ಅರ್ಧ ಅಂಕ ಯಾವ ಕಡೆ ಹೋಗಬೇಕು ಅನ್ನುವುದನ್ನು ನಾವು ಹೇಳದಿದ್ದರೆ ತನಗೆ ತೋಚಿದ್ದನ್ನು ಹಾಕಿಕೊಂಡು ಮುಂದೆ ಹೋಗುತ್ತದೆ. ನಮ್ಮ ಸ್ಟಾಫ್ ರೂಮಿನ ಹಾಗೆಯೇ.

ಬಿಡುವಾದಾಗ ಶನಿವಾರ ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಆಸಕ್ತಿ ಇರುವ ಮಕ್ಕಳಿಗೆ ಪೈಥಾನ್ ಹೇಳಿಕೊಡುತ್ತೇನೆ. ಪೈಥಾನ್ 3ರಲ್ಲಿ ಚರಾಕ್ಷರಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. 'ಒಟ್ಟು = ಕನ್ನಡ + ಗಣಿತ + ವಿಜ್ಞಾನ' ಎಂದು ಬರೆದರೆ ಹಾಗೆಯೇ ಕೂಡಿಸುತ್ತದೆ. ಆಜ್ಞೆಗಳು ಮಾತ್ರ ಇಂಗ್ಲಿಷಿನಲ್ಲೇ ಇರಬೇಕು. ಪ್ರೋಗ್ರಾಂ ಒಳಗೆ ೪೫ ಎಂದು ನೇರ ಬರೆದರೆ ಒಪ್ಪುವುದಿಲ್ಲ. ಆದರೆ ಅದನ್ನೇ ಇನ್‌ಪುಟ್ ಆಗಿ ಟೈಪ್ ಮಾಡಿ ಪೂರ್ಣಾಂಕಕ್ಕೆ ಬದಲಿಸಲು ಹೇಳಿದರೆ ಸರಿಯಾಗಿ 45 ಮಾಡಿಕೊಳ್ಳುತ್ತದೆ. ಇದನ್ನು ಕಂಡುಹಿಡಿದದ್ದು ಎಂಟನೇ ಕ್ಲಾಸಿನ ಒಬ್ಬಳು ಹುಡುಗಿ, ನಾನಲ್ಲ. ಹೆಸರುಗಳು ಕನ್ನಡದಲ್ಲಿ ಇದ್ದರೆ ಯಾವುದು ಕಂಪ್ಯೂಟರಿನ ಮಾತು, ಯಾವುದು ನಾವಿಟ್ಟ ಹೆಸರು ಅನ್ನುವುದು ಮಕ್ಕಳಿಗೆ ಕಣ್ಣಿಗೇ ಕಾಣುತ್ತದೆ. ಇಂಗ್ಲಿಷಿನಲ್ಲಿ ಎಲ್ಲವೂ ಒಂದೇ ಥರ ಕಂಡು ಗೊಂದಲವಾಗುತ್ತಿತ್ತು. ಹತ್ತು ಸಲ ಎಣಿಸು ಅಂದರೆ ಪೈಥಾನ್ ಎಣಿಕೆ ಸೊನ್ನೆಯಿಂದ ಶುರುವಾಗಿ ಒಂಬತ್ತಕ್ಕೆ ನಿಲ್ಲುವುದು ಯಾಕೆ ಎಂದು ಕೇಳುತ್ತಾರೆ. ಮತ್ತೆ ಗೂಟ ನೆಡುತ್ತೇವೆ.

ನನ್ನ ಹಳೆಯ ಶಾಲೆಯಲ್ಲಿ ಆ ತಪ್ಪು ಎಣಿಸುವ ಶೀಟು ಇನ್ನೂ ಓಡುತ್ತಿದೆ. ಈಗಿರುವ ಗಣಿತದ ಮೇಡಂ ಅದಕ್ಕೆ ಐದನೇ ಆಯ್ಕೆಯೊಂದನ್ನು ಸೇರಿಸಿದ್ದಾರೆ: 'ಗೊತ್ತಿಲ್ಲ'. ನಾಲ್ಕೇ ಆಯ್ಕೆ ಇದ್ದರೆ ಏನೂ ಗೊತ್ತಿಲ್ಲದ ಮಗುವೂ ಯಾವುದಾದರೂ ಒಂದನ್ನು ಒತ್ತುತ್ತದೆ, ನಮ್ಮ ಕಾರಣಗಳ ಎಣಿಕೆಯಲ್ಲಿ ಸುಳ್ಳು ಸೇರಿಕೊಳ್ಳುತ್ತದೆ ಎಂಬುದು ಅವರ ತರ್ಕ. ಮಕ್ಕಳು ಅದನ್ನು ಒತ್ತುತ್ತಾರಾ ಅಂತ ನನಗೆ ಅನುಮಾನ ಇತ್ತು. "ಒತ್ತುತ್ತಾರೆ ಸಾರ್, ಇದರ ಅಂಕ ಎಲ್ಲೂ ಸೇರಿಸಲ್ಲ ಅಂತ ಮೊದಲೇ ಹೇಳಿಬಿಟ್ಟಿದ್ದೇನೆ" ಅಂದರು. ಈ ವರ್ಷ ತ್ರಿಕೋನಮಿತಿಯಲ್ಲಿ ಅತಿ ಹೆಚ್ಚು ಬಂದಿರುವುದು ಅದೇ ಐದನೇ ಆಯ್ಕೆಯಂತೆ. ಆ ಪಾಠವನ್ನು ಮೊದಲಿಂದ ಮಾಡುತ್ತಿದ್ದಾರೆ.